ಚಿತ್ರ ಹೊರಡುವ ತಾಮ್ರದ ಹಾದಿ

ದುಬೈ ನಗರದ ನಡುಭಾಗದ ಗದ್ದಲದಿಂದ ಸಾಕಷ್ಟು ದೂರದಲ್ಲಿ, ಅಲ್ ವರ್ಸಾನ್ ಪ್ರದೇಶದ ಮರಳುನೆಲದ ಮೇಲೆ, ಇಂಗ್ಲೆಂಡ್, ಫ್ರಾನ್ಸ್, ಪರ್ಷಿಯಾ, ಮೊರಾಕೊ, ರಷ್ಯಾ, ಸ್ಪೇನ್ ಎಂದು ದೇಶದೇಶಗಳ ಹೆಸರನ್ನು ಹೊತ್ತ ವಸತಿ ಸಮುಚ್ಚಯಗಳು ಸಾಲುಸಾಲಾಗಿ ಹರಡಿಕೊಂಡಿರುವ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಸಂಜೆ ಕೆಲಸದಿಂದ ಮರಳಿದ ಜನರ ಕಾರುಗಳು ಪಾರ್ಕಿಂಗ್ ಜಾಗವನ್ನರಸುತ್ತ ಸುತ್ತು ಹಾಕುತ್ತಿರುವ ಹೊತ್ತಿಗೆ, ಕಟ್ಟಡಗಳ ನೆಲಮಹಡಿಯ ವಾಚ್‌ಮನ್ ಕೋಣೆಗಳಲ್ಲಿ ಹದಿನಾರು ಚೌಕಗಳಾಗಿ ಒಡೆದ ಪರದೆಗಳು ಬೆಳಗುತ್ತಿರುತ್ತವೆ. ಒಂದು ಚೌಕದಲ್ಲಿ ಮೆಟ್ಟಿಲು, ಇನ್ನೊಂದರಲ್ಲಿ ಲಿಫ್ಟಿನ ಬಾಗಿಲು, ಮತ್ತೊಂದರಲ್ಲಿ ದೀಪದ ಕಂಬ. ಆ ಕಂಬದ ಬಲಮಗ್ಗುಲಿಗೆ ಅದರದೇ ಮಸುಕು ನೆರಳೊಂದು ನಿಂತಿರುತ್ತದೆ. ಮೆಟ್ಟಿಲಿನ ಚಿತ್ರದ ಮೇಲೆ ಬೂದುಬಣ್ಣದ ಅಡ್ಡಪಟ್ಟಿಯೊಂದು ಮೆಲ್ಲಮೆಲ್ಲನೆ ಏರುತ್ತಿರುತ್ತದೆ.

ಇಂತಹ ದೋಷಗಳನ್ನು ಕಂಡವರು ಕ್ಯಾಮೆರಾದ ಕಣ್ಣನ್ನೋ ಗೋಡೆಯೊಳಗಿನ ಕೇಬಲನ್ನೋ ದೂರುವುದು ವಾಡಿಕೆ. ಆದರೆ ಕಣ್ಣಿಗೂ ಕೇಬಲಿಗೂ ನಡುವೆ, ಅಂಗೈಯಗಲದ ಹಸಿರು ಹಲಗೆಯೊಂದರ ಮೇಲೆ, ಚಿತ್ರವು ಹೊರಜಗತ್ತಿಗೆ ಕಾಲಿಡುವ ಕೆಲವೇ ಸೆಂಟಿಮೀಟರ್ ಉದ್ದದ ತಾಮ್ರದ ಹಾದಿಯೊಂದಿದೆಯೆಂಬುದೂ, ಆ ಹಾದಿಯನ್ನು ಯಾರೋ ಒಬ್ಬರು ಕುಳಿತು ಯೋಚಿಸಿ ಬರೆದಿರುತ್ತಾರೆಂಬುದೂ, ಹಾಗೆ ಬರೆದ ಕೈಯ ವಿವೇಕ ಅಥವಾ ಅವಸರವೇ ಎಷ್ಟೋ ವೇಳೆ ಪರದೆಯ ಮೇಲೆ ನೆರಳಾಗಿ, ಪಟ್ಟಿಯಾಗಿ, ಕೆಟ್ಟ ಬಣ್ಣವಾಗಿ ಮೂಡುತ್ತದೆಂಬುದೂ ಬಹುಮಂದಿಯ ಗಮನಕ್ಕೆ ಬರುವುದಿಲ್ಲ.

ಈ ವಸತಿಯ ಪಕ್ಕದಲ್ಲೇ, ಮಲಗಿದ ಸರ್ಪದ ಆಕಾರದಲ್ಲಿ ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ ಚಾಚಿಕೊಂಡಿರುವ ಡ್ರ್ಯಾಗನ್ ಮಾರ್ಟ್ ಎಂಬ ಚೀನೀ ಸರಕಿನ ಮಹಾಪೇಟೆ 2004ರಲ್ಲಿ ತೆರೆಯಿತು. ಬೆಂಗಳೂರಿನವರು ಎಸ್‌.ಪಿ. ರೋಡಿಗೆ ಹೋಗುವ ಕಾರಣಗಳಿಗೇ ಇಲ್ಲಿಯ ಜನ ಆ ಪೇಟೆಗೆ ಹೋಗುತ್ತಾರೆ. ಕ್ಯಾಮೆರಾ, ರೆಕಾರ್ಡರು, ಕೇಬಲಿನ ಸುರುಳಿ, ಬಿ.ಎನ್‌.ಸಿ. ಕನೆಕ್ಟರುಗಳು ಅಲ್ಲಿ ರಾಶಿಯಾಗಿ ದೊರೆಯುತ್ತವೆ. ಅವುಗಳೊಳಗಿನ ಹಲಗೆಗಳನ್ನು ಬಿಚ್ಚಿ ನೋಡಬಲ್ಲವರಿಗೆ ಅನಲಾಗ್ ವೀಡಿಯೊದ ವಿನ್ಯಾಸವಿದ್ಯೆಯ ಒಳ್ಳೆಯ ಪಾಠಗಳೂ ಕೆಟ್ಟ ಪಾಠಗಳೂ ಒಂದೇ ಸೂರಿನಡಿ ಸಿಗುತ್ತವೆಯೆನ್ನಬೇಕು.

ಒಂದು ವೋಲ್ಟಿನೊಳಗೆ ಅಡಗಿದ ಲೋಕ

ಡಿಜಿಟಲ್ ಸಂಕೇತಕ್ಕೆ ಎರಡೇ ಮಾತು: ಉಂಟು, ಇಲ್ಲ. ದಾರಿಯಲ್ಲಿ ಅದು ಸ್ವಲ್ಪ ಮುಕ್ಕಾದರೂ, ಉಂಟೆಂಬುದನ್ನು ಉಂಟೆಂದೇ ಗ್ರಹಿಸುವಷ್ಟು ಅವಕಾಶ ಆಕಡೆಯ ಯಂತ್ರಕ್ಕೆ ಇದ್ದೇ ಇರುತ್ತದೆ. ಅನಲಾಗ್ ಸಂಕೇತಕ್ಕೆ ಆ ಭಾಗ್ಯವಿಲ್ಲ. ಅದರ ಪ್ರತಿಯೊಂದು ಏರಿಳಿತವೂ ಅರ್ಥಪೂರ್ಣವಾದುದರಿಂದ, ದಾರಿಯಲ್ಲಿ ಸೇರಿಕೊಂಡ ಪ್ರತಿಯೊಂದು ಕಲ್ಮಷವೂ ಚಿತ್ರದ ಭಾಗವೆಂದೇ ಪರಿಗಣಿತವಾಗಿ ಪರದೆಯನ್ನು ತಲುಪುತ್ತದೆ.

ಕಾಂಪೊಸಿಟ್ ವೀಡಿಯೊ ಎಂಬ ಸಂಕೇತದ ಒಟ್ಟು ಎತ್ತರ ಒಂದೇ ವೋಲ್ಟ್. ಅದರಲ್ಲಿ ಕೆಳಗಿನ 0.3 ವೋಲ್ಟಿನಷ್ಟು, ಸಾಲು ಎಲ್ಲಿ ಆರಂಭವಾಗುತ್ತದೆಂದು ಸಾರುವ ಸಿಂಕ್ ನಾಡಿಗೆ ಮೀಸಲು, ಉಳಿದ 0.7 ವೋಲ್ಟಿನೊಳಗೆ ಕಗ್ಗತ್ತಲೆಯಿಂದ ಮೊದಲ್ಗೊಂಡು ಉಜ್ಜ್ವಲ ಬಿಳುಪಿನ ಪರ್ಯಂತ ಬೆಳಕಿನ ಸಕಲ ಛಾಯೆಗಳೂ ಅಡಕವಾಗಿರತಕ್ಕದ್ದು. ಭಾರತವೂ ಅರಬ್ ಸಂಯುಕ್ತ ಸಂಸ್ಥಾನವೂ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಚೌಕಟ್ಟಿಗೆ 625 ಸಾಲುಗಳು, ಸೆಕೆಂಡಿಗೆ 25 ಚೌಕಟ್ಟುಗಳು. ಅಂದರೆ ಒಂದು ಸಾಲಿಗೆ ದೊರೆಯುವ ಕಾಲ 64 ಮೈಕ್ರೊಸೆಕೆಂಡ್, ಅದರಲ್ಲಿ ನಿಜವಾದ ಚಿತ್ರಕ್ಕೆ ಸಲ್ಲುವುದು ಸುಮಾರು 52. ಈ ಬೆಳಕಿನ ಸಂಕೇತದ ಬೆನ್ನೇರಿ, ಸೆಕೆಂಡಿಗೆ 44 ಲಕ್ಷ ಬಾರಿಗಿಂತ ಅಧಿಕವಾಗಿ ಮಿಡಿಯುವ, 4.43 ಮೆಗಾಹರ್ಟ್ಸ್‌ನ ಉಪವಾಹಕವೊಂದು ಬಣ್ಣವನ್ನು ಹೊತ್ತು ಸಾಗುತ್ತದೆ.

ಆ ಉಪವಾಹಕದ ಒಂದು ಆವರ್ತನಕ್ಕೆ ಹಿಡಿಯುವ ಕಾಲವನ್ನು 360 ಡಿಗ್ರಿಗಳಾಗಿ ಭಾಗಿಸಿದರೆ, ಒಂದು ಡಿಗ್ರಿಗೆ 0.63 ನ್ಯಾನೊಸೆಕೆಂಡ್ ಮಾತ್ರ ಬರುತ್ತದೆ. ಬಣ್ಣದ ಛಾಯೆ ನಿರ್ಣಯವಾಗುವುದು ಈ ಸೂಕ್ಷ್ಮ ಕಾಲದ ಲೆಕ್ಕದಿಂದಲೇ. ಟೆಲಿಫುಂಕೆನ್ ಸಂಸ್ಥೆಯ ವಾಲ್ಟರ್ ಬ್ರುಖ್ ಎಂಬ ಜರ್ಮನ್ ತಜ್ಞ 1960ರ ದಶಕದ ಆದಿಭಾಗದಲ್ಲಿ ರೂಪಿಸಿದ ಪಾಲ್ ಪದ್ಧತಿಯ ಹಿರಿಮೆಯೆಂದರೆ, ಸಾಲುಬಿಟ್ಟು ಸಾಲಿಗೆ ಬಣ್ಣದ ಒಂದು ಅಂಶವನ್ನು ತಿರುವುಮುರುವು ಮಾಡಿ ಕಳುಹಿಸುವುದರ ಮೂಲಕ, ದಾರಿಯಲ್ಲಿ ಉಂಟಾದ ಛಾಯಾದೋಷವು ಎರಡು ಸಾಲುಗಳ ಸರಾಸರಿಯಲ್ಲಿ ತನ್ನಷ್ಟಕ್ಕೆ ತಾನೇ ಕಳೆದುಹೋಗುವಂತೆ ಮಾಡಿದುದು. ಆದರೂ ಆ ಕ್ಷಮೆಗೆ ಬೆಲೆಯುಂಟು: ಛಾಯೆ ಉಳಿಯುತ್ತದೆ, ಬಣ್ಣದ ಗಾಢತೆ ಸೊರಗುತ್ತದೆ.

ಕನ್ನಡ ನಾಡಿನ ಪರಿಚಯ

ಕನ್ನಡಿಗರಿಗೆ ಈ ಸಂಕೇತ ಅಪರಿಚಿತವಾದುದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಸೈಟ್ ಎಂಬ ಉಪಗ್ರಹ ಪ್ರಯೋಗದಲ್ಲಿ, ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳ ಜನರು ತಂತಿಬಲೆಯ ದೊಡ್ಡ ಬಟ್ಟಲಿನಂತಹ ಆಂಟೆನಾದಡಿ ಕುಳಿತು ಮೊದಲ ಬಾರಿಗೆ ದೂರದರ್ಶನವನ್ನು ಕಂಡರು. ಅನಂತರದ ತಲೆಮಾರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿತು. ಎದುರಿನ ಗುಡ್ಡಕ್ಕೋ ಕಟ್ಟಡಕ್ಕೋ ತಾಗಿ ತಡವಾಗಿ ಬಂದ ಅಲೆಯೊಂದು ಸುದ್ದಿ ಓದುವವರ ಪಕ್ಕದಲ್ಲಿ ಅವರದೇ ಪ್ರೇತರೂಪವನ್ನು ನಿಲ್ಲಿಸುವುದನ್ನು ನೋಡಿತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ದೂರದರ್ಶನಕ್ಕಾಗಿ ಪ್ರಸಾರಯಂತ್ರಗಳನ್ನು ತಯಾರಿಸಿತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮೊದಲಾದ ಸಂಸ್ಥೆಗಳಿಂದಾಗಿ, ಚಿಪ್ಪಿನ ಒಳಗನ್ನೂ ಹಲಗೆಯ ಮೇಲ್ಮೈಯನ್ನೂ ಬಲ್ಲ ಎಂಜಿನಿಯರುಗಳ ಪೀಳಿಗೆಯೊಂದು ಆ ಊರಿನಲ್ಲಿ ಬೆಳೆಯಿತು.

ಎಪ್ಪತ್ತೈದು ಓಮ್‌ಗಳ ಶಿಸ್ತು

ವಾಚ್‌ಮನ್ ಕೋಣೆಯ ಪರದೆಯ ಮೇಲೆ ದೀಪದ ಕಂಬಕ್ಕೆ ಜೊತೆಯಾದ ನೆರಳೂ, ಸುದ್ದಿ ಓದುವವರ ಪಕ್ಕದಲ್ಲಿ ನಿಂತ ಆ ಪ್ರೇತರೂಪದ ಜಾತಿಯದೇ. ಭೇದವಿಷ್ಟೇ, ಇಲ್ಲಿ ಗುಡ್ಡದ ಕೆಲಸವನ್ನು ಕೇಬಲಿನ ತುದಿ ಮಾಡುತ್ತದೆ. ತುಂಬಿದ ಕೆರೆಯಲ್ಲಿ ಎದ್ದ ತೆರೆ ಏರಿಗೆ ಬಡಿದು ಮರಳುವಂತೆ, ಕೇಬಲಿನಲ್ಲಿ ಸಾಗುವ ವಿದ್ಯುತ್ ಅಲೆಯೂ ತನ್ನ ಸ್ವಭಾವಕ್ಕೆ ಹೊಂದದ ತುದಿಯನ್ನು ಮುಟ್ಟಿದೊಡನೆ ಒಂದಂಶ ಹಿಂತಿರುಗುತ್ತದೆ. ವೀಡಿಯೊ ಕೇಬಲಿನ ಸ್ವಭಾವಸಿದ್ಧವಾದ ಇಂಪೀಡೆನ್ಸ್ 75 ಓಮ್. ತುದಿಯಲ್ಲಿ ನಿಖರವಾಗಿ 75 ಓಮ್‌ನ ರೆಸಿಸ್ಟರ್ ಇದ್ದರೆ ಅಲೆಯು ಅಲ್ಲಿಯೇ ಸಂಪೂರ್ಣವಾಗಿ ಲಯವಾಗುತ್ತದೆ.

ದೂರದ ತುದಿ ನಮ್ಮ ಕೈಯಲ್ಲಿರುವುದಿಲ್ಲ. ಸಡಿಲವಾದ ಕನೆಕ್ಟರು, ನಡುವೆ ಹಾಕಿದ ಕವಲು, ಅಗ್ಗದ ಕೇಬಲು, ಏನಾದರೂ ಇರಬಹುದು. ಆದಕಾರಣ ಹಲಗೆಯನ್ನು ರಚಿಸುವವನು, ಹೊರಡುವ ತುದಿಯಲ್ಲಿಯೂ 75 ಓಮ್ ಇಟ್ಟು, ಮರಳಿ ಬಂದ ಅಲೆಯನ್ನು ಮನೆಬಾಗಿಲಲ್ಲೇ ನುಂಗಿಬಿಡುವ ವ್ಯವಸ್ಥೆ ಮಾಡತಕ್ಕದ್ದು. ಅದಿಲ್ಲದಿದ್ದರೆ ಅಲೆ ಮತ್ತೆ ಪುಟಿದು ಎರಡನೆಯ ಬಾರಿ ಪರದೆಯ ಕಡೆ ಹೊರಡುತ್ತದೆ. ಮೂವತ್ತು ಮೀಟರಿನ ಆರ್‌ಜಿ-59 ಕೇಬಲಿನಲ್ಲಿ ಈ ಹೆಚ್ಚುವರಿ ಪ್ರಯಾಣ ಅರವತ್ತು ಮೀಟರ್. ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ವೇಗದಲ್ಲಿ ಅದಕ್ಕೆ 300 ನ್ಯಾನೊಸೆಕೆಂಡ್ ಬೇಕು. 52 ಮೈಕ್ರೊಸೆಕೆಂಡಿನಲ್ಲಿ ಬರೆಯಲ್ಪಡುವ ಸಾಲು ಅರ್ಧ ಮೀಟರ್ ಅಗಲದ ಪರದೆಯನ್ನು ವ್ಯಾಪಿಸುವುದಾದರೆ, ನೆರಳು ಬೀಳುವುದು ಮೂಲಕ್ಕಿಂತ ಸುಮಾರು ಮೂರು ಮಿಲಿಮೀಟರ್ ಬಲಕ್ಕೆ. ಕಂಬದ ಪಕ್ಕದ ನೆರಳಿನ ದೂರವನ್ನು ಸ್ಕೇಲಿನಿಂದ ಅಳೆದು ಕೇಬಲಿನ ಉದ್ದವನ್ನು ಊಹಿಸಬಹುದೆಂಬುದು ಈ ವಿದ್ಯೆಯ ಸೊಗಸುಗಳಲ್ಲೊಂದು.

ಹೊರಡುವ ತುದಿಯ 75 ಓಮ್ ಮತ್ತು ತಲುಪುವ ತುದಿಯ 75 ಓಮ್ ಸಂಕೇತವನ್ನು ಸಮನಾಗಿ ಹಂಚಿಕೊಳ್ಳುವುದರಿಂದ, ತಲುಪತಕ್ಕದ್ದು ಒಂದು ವೋಲ್ಟಾದರೆ ಆಂಪ್ಲಿಫೈಯರು ಎರಡು ವೋಲ್ಟ್ ಕೊಡಬೇಕಾಗುತ್ತದೆ. ವೀಡಿಯೊ ಆಂಪ್ಲಿಫೈಯರುಗಳು ಬಹುಮಟ್ಟಿಗೆ ಎರಡು ಪಟ್ಟು ಹೆಚ್ಚಿಸುವಂತೆಯೇ ರಚಿತವಾಗಿರುವುದು ಇದಕ್ಕಾಗಿ. ಒಂದೇ ಕೇಬಲಿಗೆ ಎರಡು ಮಾನಿಟರುಗಳನ್ನು ಕವಲು ಹಾಕಿ, ಎರಡರಲ್ಲಿಯೂ 75 ಓಮ್ ಇದ್ದರೆ ಸಂಕೇತ ಮೂರರಲ್ಲಿ ಎರಡು ಪಾಲಿಗೆ ಇಳಿದು ಚಿತ್ರ ಕಳೆಗುಂದುತ್ತದೆ.

ಆ ರೆಸಿಸ್ಟರನ್ನು ಹಲಗೆಯ ಮೇಲೆ ಎಲ್ಲಿ ಇಡುವುದೆಂಬುದರಲ್ಲಿಯೂ ಜಾಣ್ಮೆ ಬೇಕು. ಆಂಪ್ಲಿಫೈಯರಿನ ಕಾಲಿಗೆ ಆದಷ್ಟು ಸಮೀಪದಲ್ಲಿಟ್ಟರೆ, ಮುಂದಿನ ತಾಮ್ರದ ಹಾದಿಯ, ಅಂದರೆ ಟ್ರ್ಯಾಕಿನ, ಕೆಪಾಸಿಟೆನ್ಸ್ ಆಂಪ್ಲಿಫೈಯರಿಗೆ ನೇರವಾಗಿ ತಾಗದೆ, ಅದು ಸ್ಥಿಮಿತ ತಪ್ಪಿ ಆಂದೋಲನಕ್ಕೆ ಬೀಳುವ ಅಪಾಯ ತಪ್ಪುತ್ತದೆ. ಅಲ್ಲಿಂದ ಕನೆಕ್ಟರಿನವರೆಗಿನ ಟ್ರ್ಯಾಕ್ ತಾನೂ 75 ಓಮ್‌ನದಾಗಿದ್ದರೆ ಲೇಸು. ಟ್ರ್ಯಾಕಿನ ಅಗಲಕ್ಕೂ, ಅದಕ್ಕೂ ಕೆಳಗಿನ ಗ್ರೌಂಡ್ ಪದರಕ್ಕೂ ಇರುವ ಅಂತರಕ್ಕೂ ನಡುವಿನ ಅನುಪಾತವೇ ಇದನ್ನು ನಿರ್ಧರಿಸುತ್ತದೆ: 1.6 ಮಿಲಿಮೀಟರ್ ದಪ್ಪದ ಸಾಮಾನ್ಯ ಎರಡು ಪದರದ ಹಲಗೆಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಅಗಲ ಬೇಕಾದರೆ, ಗ್ರೌಂಡ್ ಪದರ 0.2 ಮಿಲಿಮೀಟರ್ ಕೆಳಗೇ ಇರುವ ನಾಲ್ಕು ಪದರದ ಹಲಗೆಯಲ್ಲಿ 0.15 ಮಿಲಿಮೀಟರ್ ಸಾಕು.

ಮರಳುವ ಪ್ರವಾಹ

ಈ ವಿದ್ಯೆಯನ್ನು ಕಲಿಯುವವರು ತಡವಾಗಿ ಅರಿಯುವ ಸಂಗತಿ, ಮತ್ತು ನನ್ನ ಅಭಿಪ್ರಾಯದಲ್ಲಿ ಮೊದಲೇ ಅರಿಯಬೇಕಾದ ಸಂಗತಿ, ಇನ್ನೊಂದುಂಟು. ಹೊರಟ ಪ್ರವಾಹವು ಹೊರಟಲ್ಲಿಗೆ ಮರಳಲೇಬೇಕು. ನಕ್ಷೆಯಲ್ಲಿ ಹೋಗುವ ದಾರಿಗೆ ಗೆರೆಯಿರುತ್ತದೆ, ಹೆಸರಿರುತ್ತದೆ; ಮರಳುವ ದಾರಿಗೆ ಗ್ರೌಂಡ್ ಎಂಬ ಪುಟ್ಟ ಚಿಹ್ನೆಯೊಂದೇ ಇರುತ್ತದೆ. ಆ ಚಿಹ್ನೆಯನ್ನು ಕಂಡು, ಅಲ್ಲಿಗೆ ಮುಟ್ಟಿದ ಪ್ರವಾಹ ಪಾತಾಳದಲ್ಲಿ ಲೀನವಾಯಿತೆಂದು ನಂಬುವವರೇ ಅಧಿಕ. ಕೆಟ್ಟ ವೀಡಿಯೊ ಹಲಗೆಗಳು ಹುಟ್ಟುವುದು ಬಹುತೇಕ ಈ ನಂಬಿಕೆಯಿಂದ.

ಡಿಜಿಟಲ್ ಅಂಕಿಗಳನ್ನು ಅನಲಾಗ್ ಸಂಕೇತವಾಗಿ ಪರಿವರ್ತಿಸುವ ಡ್ಯಾಕ್ ಎಂಬ ಚಿಪ್ ನೇರವಾಗಿ ಕೇಬಲನ್ನು ನಡೆಸುವ ಪಕ್ಷದಲ್ಲಿ, ಎರಡೂ ತುದಿಗಳ ರೆಸಿಸ್ಟರುಗಳು ಸೇರಿ ಅದಕ್ಕೆ 37.5 ಓಮ್‌ನ ಹೊರೆಯಾಗುತ್ತವೆ. ಒಂದು ವೋಲ್ಟನ್ನು ಮೂಡಿಸಲು ಸುಮಾರು 27 ಮಿಲಿಆಂಪಿಯರ್ ಹರಿಯಬೇಕು. ಅಷ್ಟೂ ಪ್ರವಾಹ ಗ್ರೌಂಡ್ ಪದರದ ಮೂಲಕ ಹಿಂದಿರುಗುತ್ತದೆ. ಹಿಂದಿರುಗುವ ದಾರಿಯನ್ನು ಆರಿಸಿಕೊಳ್ಳುವುದರಲ್ಲಿ ಅದರ ನಡತೆ ವಿಚಿತ್ರವಾದುದು. ಮಂದಗತಿಯ ಅಂಶಗಳು, ಅಂದರೆ ಚಿತ್ರದ ಒಟ್ಟು ಬೆಳಕು, ಸೆಕೆಂಡಿಗೆ 50 ಬಾರಿಯ ಲಂಬ ಸಿಂಕ್ ಇತ್ಯಾದಿ, ಕನಿಷ್ಠ ಪ್ರತಿರೋಧದ ದಾರಿಯನ್ನರಸಿ ತಾಮ್ರದ ಹಾಳೆಯ ತುಂಬ ಹರಡಿಕೊಳ್ಳುತ್ತವೆ. ಶೀಘ್ರಗತಿಯ ಅಂಶಗಳು, ಮುಖ್ಯವಾಗಿ ಬಣ್ಣದ ಉಪವಾಹಕ, ಹಾಗೆ ಹರಡದೆ, ತಾವು ಹೋದ ಟ್ರ್ಯಾಕಿನ ನೇರ ಅಡಿಯಲ್ಲೇ, ಅದರ ತಿರುವು ತಿರುವುಗಳನ್ನೂ ಅನುಸರಿಸಿ ಮರಳುತ್ತವೆ; ಹೋಗುವ ಬರುವ ಪ್ರವಾಹಗಳ ನಡುವಿನ ಆವರಣ ಕಿರಿದಾದಷ್ಟೂ ಇಂಡಕ್ಟೆನ್ಸ್ ಕಡಿಮೆಯಾಗುವುದೇ ಇದಕ್ಕೆ ಕಾರಣ. ಒಂದೇ ಚಿತ್ರದ ಬೆಳಕೂ ಬಣ್ಣವೂ ಜೊತೆಯಾಗಿ ಹೋಗಿ ಬೇರೆಬೇರೆ ದಾರಿಗಳಲ್ಲಿ ಮರಳುತ್ತವೆಂಬ ಈ ಸತ್ಯವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡವನ ಕೈ, ಹಲಗೆಯ ಮೇಲೆ ತಾನಾಗಿಯೇ ಸರಿದಾರಿ ಹಿಡಿಯುತ್ತದೆ.

ಈಗ ಆ ಗ್ರೌಂಡ್ ಪದರದಲ್ಲಿ, ಬೇರೆ ಯಾವುದೋ ಟ್ರ್ಯಾಕಿಗೆ ಎಡೆಮಾಡಿಕೊಡಲೆಂದು, ಒಂದು ಸೀಳನ್ನು ಕತ್ತರಿಸಿದರೆಂದು ಭಾವಿಸೋಣ. ಮೇಲಿನ ವೀಡಿಯೊ ಟ್ರ್ಯಾಕ್ ಆ ಸೀಳನ್ನು ಸಲೀಸಾಗಿ ದಾಟುತ್ತದೆ; ಕೆಳಗೆ ಮರಳುವ ಪ್ರವಾಹಕ್ಕೆ ಸೇತುವೆಯಿಲ್ಲ. ಅದು ಸೀಳಿನ ಕೊನೆಯವರೆಗೂ ಸುತ್ತಿ ಬರಬೇಕು. ಹಾಗೆ ಸುತ್ತುವಾಗ ಹೋಗುವ ದಾರಿಗೂ ಬರುವ ದಾರಿಗೂ ನಡುವೆ ವಿಸ್ತಾರವಾದ ಬಳೆಯೊಂದು ಏರ್ಪಟ್ಟು, ಆ ಬಳೆಯು ಸುತ್ತಲಿನ ಗದ್ದಲವನ್ನು ಹೀರುವ ಆಂಟೆನಾ ಆಗಿಯೂ, ತನ್ನ ಸಂಕೇತವನ್ನು ಹೊರಚೆಲ್ಲುವ ಆಂಟೆನಾ ಆಗಿಯೂ ವರ್ತಿಸುತ್ತದೆ.

ಅನಲಾಗ್ ಭಾಗಕ್ಕೊಂದು ಗ್ರೌಂಡ್, ಡಿಜಿಟಲ್ ಭಾಗಕ್ಕೊಂದು ಗ್ರೌಂಡ್ ಎಂದು ಹಾಳೆಯನ್ನು ಎರಡಾಗಿ ಸೀಳಿ ಒಂದೇ ಬಿಂದುವಿನಲ್ಲಿ ಕೂಡಿಸಬೇಕೆಂಬ ಬೋಧನೆ ಬಹುಕಾಲದಿಂದ ನಡೆದುಬಂದಿದೆ. ಅದರ ಉದ್ದೇಶ ಉತ್ತಮವಾದುದೇ. ಆದರೆ ಡ್ಯಾಕಿಗೆ ಬರುವ ಡಿಜಿಟಲ್ ತಂತಿಗಳು ಆ ಸೀಳನ್ನು ದಾಟದೆ ಗತ್ಯಂತರವಿಲ್ಲದ ಸಣ್ಣ ಹಲಗೆಗಳಲ್ಲಿ, ಈ ವಿಭಜನೆಯಿಂದ ಆಗುವ ಹಾನಿಯೇ ಅಧಿಕ. ಹಾಳೆಯನ್ನು ಅಖಂಡವಾಗಿ ಉಳಿಸಿಕೊಂಡು, ಅದರ ಮೇಲೆ ಕೂರುವ ಬಿಡಿಭಾಗಗಳನ್ನು ಮಾತ್ರ ಗುಂಪುಗುಂಪಾಗಿ ದೂರದೂರ ಇರಿಸಿ, ಡಿಜಿಟಲ್ ಪ್ರವಾಹಗಳಿಗೆ ವೀಡಿಯೊ ಮೂಲೆಗೆ ಬರಲು ಕಾರಣವೇ ಇಲ್ಲದಂತೆ ಮಾಡುವುದು ಮೇಲೆಂದು ನಾನು ದೃಢವಾಗಿ ನಂಬುತ್ತೇನೆ.

ದೂರವೇಕೆಂಬುದಕ್ಕೂ ಲೆಕ್ಕವುಂಟು. 35 ಮೈಕ್ರಾನ್ ದಪ್ಪದ ತಾಮ್ರದ ಹಾಳೆಯ ಪ್ರತಿ ಚೌಕಕ್ಕೆ ಅರ್ಧ ಮಿಲಿಓಮ್ ಪ್ರತಿರೋಧವಿರುತ್ತದೆ. ಒಂದು ಆಂಪಿಯರಿನ ಪ್ರವಾಹ ಅಂತಹ ಎರಡು ಚೌಕಗಳ ಉದ್ದಕ್ಕೆ ಹರಿದರೆ ಒಂದು ಮಿಲಿವೋಲ್ಟ್ ವ್ಯತ್ಯಾಸ ಬೀಳುತ್ತದೆ. ಒಂದು ವೋಲ್ಟನ್ನು 1024 ಮೆಟ್ಟಿಲುಗಳಾಗಿ ಒಡೆಯುವ ಹತ್ತು ಬಿಟ್ಟಿನ ಡ್ಯಾಕಿನಲ್ಲಿ ಅದು ಒಂದು ಮೆಟ್ಟಿಲಿನ ಎತ್ತರಕ್ಕೆ ಸಮ.

ಕಟ್ಟಡದ ಪ್ರಮಾಣದಲ್ಲಿಯೂ ಇದೇ ನ್ಯಾಯ. ಪಾರ್ಕಿಂಗ್ ಕಂಬದ ಮೇಲಿನ ಕ್ಯಾಮೆರಾ ಅಲ್ಲಿಯ ಲೋಹಕ್ಕೆ ತಾಗಿ ಒಂದು ಕಡೆ ನೆಲಸಂಪರ್ಕ ಪಡೆದು, ಕೋಣೆಯ ರೆಕಾರ್ಡರು ಬೇರೆ ಕಡೆ ನೆಲಸಂಪರ್ಕ ಪಡೆದರೆ, ಎರಡು ನೆಲಗಳ ನಡುವಿನ ಅಲ್ಪ ವ್ಯತ್ಯಾಸದಿಂದ 50 ಹರ್ಟ್ಸ್‌ನ ಪ್ರವಾಹ ಕೇಬಲಿನ ಹೊರಹೆಣಿಗೆಯಲ್ಲಿ ಹರಿಯತೊಡಗುತ್ತದೆ. ಪಾಲ್ ಚಿತ್ರವೂ ಸೆಕೆಂಡಿಗೆ 50 ಬಾರಿ ಬರೆಯಲ್ಪಡುವುದರಿಂದ, ಆ ಬೂದುಪಟ್ಟಿ ಹೆಚ್ಚುಕಡಿಮೆ ಸ್ಥಿರವಾಗಿ, ಎರಡು ಗತಿಗಳ ಕಿಂಚಿತ್ ಅಂತರಕ್ಕನುಗುಣವಾಗಿ ಮಾತ್ರ ತೆವಳುತ್ತದೆ. ಕ್ಯಾಮೆರಾವನ್ನು ಅಮೆರಿಕದ 60ರ ಪದ್ಧತಿಗೆ ತಿರುಗಿಸಿಟ್ಟಿದ್ದರೆ ಅದೇ ಪಟ್ಟಿ ರಭಸದಿಂದ ಓಡುತ್ತದೆ. ಕ್ಯಾಮೆರಾದ ಗ್ರೌಂಡನ್ನು ಹೊರಕವಚದ ಲೋಹಕ್ಕೆ ತಗಲದಂತೆ ಪ್ರತ್ಯೇಕಿಸಿದ ಹಲಗೆಯಿಂದ ಈ ಪೀಡೆ ಮೂಲದಲ್ಲೇ ನಿವಾರಣೆಯಾಗುತ್ತದೆ.

ನೆರೆಹೊರೆಯ ಗದ್ದಲ

ಇಂದಿನ ಹಲಗೆಗಳಲ್ಲಿ ವೋಲ್ಟೇಜನ್ನು ತಗ್ಗಿಸುವುದು ಸೆಕೆಂಡಿಗೆ ಲಕ್ಷಾಂತರ ಬಾರಿ ಮುಚ್ಚಿ ತೆರೆಯುವ ಸ್ವಿಚಿಂಗ್ ರೆಗ್ಯುಲೇಟರು. ಅದರಿಂದ ಏಳು ಮಿಲಿವೋಲ್ಟಿನ ಅಲುಗಾಟ ವೀಡಿಯೊದಲ್ಲಿ ಬೆರೆತರೂ ಅದು ಬಿಳುಪಿನ ನೂರರಲ್ಲೊಂದು ಪಾಲು. ಆ ಅಲುಗಾಟದ ಗತಿ ಸಾಲಿನ ಗತಿಯಾದ 15,625 ಹರ್ಟ್ಸ್‌ನ ಪೂರ್ಣ ಗುಣಕವಾದರೆ ಪರದೆಯ ಮೇಲೆ ನೆಟ್ಟನೆಯ ಗೆರೆಗಳು ನಿಲ್ಲುತ್ತವೆ. ಇಲ್ಲವಾದರೆ ಗೆರೆಗಳು ಓರೆಯಾಗಿ ಹರಿದಾಡುತ್ತವೆ. ನುರಿತ ಕಣ್ಣಿಗೆ ಆ ಗೆರೆಗಳ ಓರೆಯೇ ಅಪರಾಧಿಯ ಹೆಸರನ್ನು ಹೇಳಬಲ್ಲುದು.

ಬಣ್ಣಕ್ಕೆ ಬರುವ ಕೇಡು ಇನ್ನೂ ಗೂಢವಾದುದು. ಟ್ರ್ಯಾಕ್ ಉದ್ದವಾಗಿ ಬಣ್ಣ ತಡವಾದರೆ, ಪ್ರತಿ ಸಾಲಿನ ಆರಂಭದಲ್ಲಿ ಬರುವ ಬಣ್ಣದ ಮಾದರಿ ನಾಡಿಯೂ ಅಷ್ಟೇ ತಡವಾಗುವುದರಿಂದ ಹಾನಿಯಿಲ್ಲ. ಆದರೆ ಬೆಳಕು ಹೆಚ್ಚಾದಾಗ ಆಂಪ್ಲಿಫೈಯರಿನ ವಿದ್ಯುತ್ ಪೂರೈಕೆ ಕುಗ್ಗಿ, ಬಿಳಿಯ ಮೇಲಿನ ಬಣ್ಣ ಕಪ್ಪಿನ ಮೇಲಿನ ಬಣ್ಣಕ್ಕಿಂತ ಬೇರೆ ಪ್ರಮಾಣದಲ್ಲಿ ತಡವಾದರೆ, ಅದನ್ನು ತಿದ್ದಲು ಮಾದರಿ ನಾಡಿಗೂ ಸಾಧ್ಯವಿಲ್ಲ. ಪೂರೈಕೆಯ ಕಾಲಿನ ಬಗಲಲ್ಲೇ 0.1 ಮೈಕ್ರೊಫ್ಯಾರಡ್‌ನ ಕೆಪಾಸಿಟರನ್ನಿಟ್ಟು, ಅದರ ಇನ್ನೊಂದು ತುದಿಯನ್ನು ಅಲ್ಲಿಯೇ ಗ್ರೌಂಡ್ ಪದರಕ್ಕೆ ಇಳಿಸಬೇಕೆನ್ನುವುದು ಇದಕ್ಕಾಗಿ. ಅರ್ಧ ಇಂಚು ಆಚೆಗಿಟ್ಟರೆ ನಕ್ಷೆಯಲ್ಲಿ ಅದು ಇರುತ್ತದೆ, ಕಾರ್ಯದಲ್ಲಿ ಅರ್ಧವೇ ಇರುತ್ತದೆ.

ಮರುಭೂಮಿಯ ಬೇಸಗೆ

ದುಬೈನ ಬೇಸಗೆಯಲ್ಲಿ ಹೊರಗಿನ ತಾಪ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಬಿಸಿಲಿಗೊಡ್ಡಿದ ಮುಚ್ಚಿದ ಪೆಟ್ಟಿಗೆಯೊಳಗೆ ಅದು ಇನ್ನಷ್ಟು ಏರುತ್ತದೆ. ಹಲವು ಹಲಗೆಗಳಲ್ಲಿ ವೀಡಿಯೊ ಹೊರಡುವ ಮುನ್ನ 220 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರೊಂದನ್ನು ಹಾಯ್ದು ಹೋಗುತ್ತದೆ. ಒಳಗೆ ದ್ರವವುಳ್ಳ ಈ ಬಿಡಿಭಾಗದ ಆಯುಷ್ಯ, ತಾಪ ಹತ್ತು ಡಿಗ್ರಿ ಏರಿದರೆ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ದ್ರವ ಬತ್ತಿದಂತೆ ಕೆಪಾಸಿಟೆನ್ಸ್ ಕುಗ್ಗಿ, ಚೌಕಟ್ಟಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬೆಳಕಿನಲ್ಲಿ ತಾರತಮ್ಯ ಕಾಣಿಸಿಕೊಂಡು, ಕಡೆಗೆ ಸಿಂಕ್ ತಪ್ಪಿ ಚಿತ್ರವೇ ಉರುಳತೊಡಗುತ್ತದೆ. ರೆಗ್ಯುಲೇಟರಿನಂತಹ ಬಿಸಿ ಭಾಗದಿಂದ ಈ ಕೆಪಾಸಿಟರನ್ನು ದೂರವಿಡುವುದು, ಸಾಧ್ಯವಾದರೆ ಅದರ ಅಗತ್ಯವೇ ಇಲ್ಲದ ಆಂಪ್ಲಿಫೈಯರನ್ನು ಆರಿಸುವುದು, ಕೊಲ್ಲಿ ನಾಡಿಗೆ ಸರಕು ಕಳುಹಿಸುವವರು ಪಾಲಿಸಬೇಕಾದ ಧರ್ಮ.

ಹಳೆಯ ಕೇಬಲು, ಹೊಸ ಚಿತ್ರ

ಅನಲಾಗ್ ವೀಡಿಯೊ ಅಸ್ತಂಗತವಾಯಿತೆಂಬ ಮಾತು ಅರ್ಧಸತ್ಯ. 2013ರ ನಂತರ ತಯಾರಾದ ಬ್ಲೂರೇ ಪ್ಲೇಯರುಗಳಿಂದ ಅನಲಾಗ್ ಚಿತ್ರವನ್ನು ಒಪ್ಪಂದದ ಮೂಲಕವೇ ತೆಗೆದುಹಾಕಲಾಯಿತು. ಐಬಿಎಂ 1987ರಲ್ಲಿ ತಂದ ವಿಜಿಎ ಕಿಂಡಿ ಹೊಸ ಕಂಪ್ಯೂಟರುಗಳಲ್ಲಿ ವಿರಳವಾಗಿದೆ. ರೆಕಾರ್ಡರುಗಳ ಬೆನ್ನಿನಲ್ಲಿ ಮಾತ್ರ ಇನ್ನೂ ಉಳಿದಿದೆ. ಆದರೆ ಗೋಡೆಗಳೊಳಗೆ ಹುಗಿದ ಕೋಆಕ್ಸಿಯಲ್ ಕೇಬಲನ್ನು ಕಿತ್ತು ಹಾಕುವುದು ಖರ್ಚಿನ ಕೆಲಸವಾದುದರಿಂದ, 2012ರ ಸುಮಾರಿನಿಂದೀಚೆಗೆ ಎಚ್‌ಡಿ-ಸಿವಿಐ, ಎಚ್‌ಡಿ-ಟಿವಿಐ, ಎಎಚ್‌ಡಿ ಎಂಬ ಪದ್ಧತಿಗಳು ಅದೇ ಕೇಬಲಿನಲ್ಲಿ ಹೈಡೆಫಿನಿಷನ್ ಚಿತ್ರವನ್ನು ಅನಲಾಗ್ ರೂಪದಲ್ಲಿಯೇ ಸಾಗಿಸುತ್ತಿವೆ.

ಇದರಿಂದ ಹಲಗೆಯ ವಿನ್ಯಾಸಕ್ಕೆ ಸಡಿಲಿಕೆ ದೊರೆಯಲಿಲ್ಲ, ಬಿಗಿಯೇ ಹೆಚ್ಚಿತು. ಸೆಕೆಂಡಿಗೆ 25 ಚೌಕಟ್ಟು, ಚೌಕಟ್ಟಿಗೆ ಒಟ್ಟು 1125 ಸಾಲು ಎಂಬ ಮಾನದಂಡದಲ್ಲಿ, ಸಾಲಿನ ಚಿತ್ರಭಾಗಕ್ಕೆ ದೊರೆಯುವ ಕಾಲ 26 ಮೈಕ್ರೊಸೆಕೆಂಡಿಗಿಂತ ಕಡಿಮೆ. ಮೂವತ್ತು ಮೀಟರಿನ ಅದೇ ಕೇಬಲು, ಅದೇ 300 ನ್ಯಾನೊಸೆಕೆಂಡಿನ ಪ್ರತಿಫಲನ; ನೆರಳು ಮಾತ್ರ ಮೂರು ಮಿಲಿಮೀಟರಿನ ಬದಲು ಸುಮಾರು ಆರು ಮಿಲಿಮೀಟರ್ ಆಚೆ ಬೀಳುತ್ತದೆ. ಕನೆಕ್ಟರಿನ ಬಳಿ ಮಿಂಚಿನ ಹೊಡೆತದಿಂದ ರಕ್ಷಿಸಲೆಂದು ಇಡುವ ಡಯೋಡ್ 100 ಪಿಕೊಫ್ಯಾರಡ್‌ನದಾದರೆ, 37.5 ಓಮ್‌ನೊಡನೆ ಸೇರಿ ಅದು 42 ಮೆಗಾಹರ್ಟ್ಸ್‌ನಿಂದಾಚೆಗೆ ಸಂಕೇತವನ್ನು ಕುಗ್ಗಿಸುತ್ತದೆ. ಐದು ಮೆಗಾಹರ್ಟ್ಸ್‌ನ ಹಳೆಯ ಚಿತ್ರಕ್ಕೆ ಅದು ಲೆಕ್ಕಕ್ಕಿಲ್ಲದಿದ್ದರೂ, ಹೊಸ ಚಿತ್ರಕ್ಕೆ ಹತ್ತು ಪಿಕೊಫ್ಯಾರಡ್‌ಗೂ ಕೆಳಗಿನದನ್ನು ಹುಡುಕುವುದೇ ಕ್ಷೇಮ.

ಇಷ್ಟೆಲ್ಲ ಮಾಡಿದ ಮೇಲೂ, ಕಡತವನ್ನು ಕಾರ್ಖಾನೆಗೆ ಕಳುಹಿಸುವಾಗ ಪದರಗಳ ನಡುವಿನ ದಪ್ಪವನ್ನು ಸ್ಪಷ್ಟವಾಗಿ ಬರೆದು ತಿಳಿಸತಕ್ಕದ್ದು. ಬರೆಯದಿದ್ದರೆ ಕಾರ್ಖಾನೆಯವರು ತಮ್ಮಲ್ಲಿದ್ದ ಹಾಳೆಯನ್ನು ಬಳಸುತ್ತಾರೆ; ಆಗ 0.15 ಮಿಲಿಮೀಟರಿನ ಅದೇ ಟ್ರ್ಯಾಕ್ 75 ಓಮ್‌ನದಾಗಿ ಉಳಿಯುವುದಿಲ್ಲ.